ಸಿಲ್ವರ್ ಕ್ಲೇ: ಬ್ರಾಂಡ್ ಕೇಳುವ ಮುಂಚೆ ತೂಕ ಕೇಳಿ

ಮಲ್ಲೇಶ್ವರದ ಸಂಪಿಗೆ ರಸ್ತೆ ಮೆಟ್ರೊ ಸ್ಟೇಷನ್ನಿಗೂ ಶ್ರೀರಾಂಪುರಕ್ಕೂ ಒಂದೇ ಸ್ಟಾಪು. ಆದರೆ ಆ ಕಡೆಯ ಹವ್ಯಾಸ ಈ ಕಡೆಗೆ ಬರುವಷ್ಟರಲ್ಲಿ ‘ಸ್ವಉದ್ಯೋಗ’ ಅಂತ ಹೆಸರು ಬದಲಾಯಿಸಿಕೊಂಡಿರುತ್ತದೆ. ಮೊದಲು ಟೆರ್ರಾಕೋಟ ಸರ ಬಂತು. ಆಮೇಲೆ ರೇಷ್ಮೆ ದಾರದ ಬಳೆ, ಕ್ವಿಲ್ಲಿಂಗ್ ಓಲೆ, ರೆಸಿನ್ ಲಾಕೆಟ್ಟು. ಈಗ ಸಿಲ್ವರ್ ಕ್ಲೇ. ಎರಡು ದಿನದ ಕ್ಲಾಸು, ಒಂದು ಕಿಟ್ಟು, ಗೋಡೆಗೆ ತೂಗುಹಾಕಲು ಒಂದು ಸರ್ಟಿಫಿಕೇಟು, ಜೊತೆಗೆ ಮನೆಯಲ್ಲೇ ಕೂತು ಬೆಳ್ಳಿ ಒಡವೆ ಮಾಡಿ ಸಂಪಾದಿಸಬಹುದು ಅನ್ನುವ ಮಾತು.

ಶ್ರೀರಾಂಪುರದಲ್ಲಿ ನಮ್ಮಕ್ಕನ ಮನೆ ಇದೆ. ಅಕ್ಕನ ನಾದಿನಿ ಗಾರ್ಮೆಂಟ್ಸ್ ಕೆಲಸ ಬಿಟ್ಟು ವರ್ಷವಾಯಿತು. ಮಹಿಳಾ ಸಂಘದಲ್ಲಿ 30 ಸಾವಿರ ಸಾಲ ಎತ್ತಿ ಈ ಕ್ಲಾಸಿಗೆ, ಕಿಟ್ಟಿಗೆ ಹಾಕಬೇಕು ಅಂತಿದ್ದಾಳೆ. ‘ಅಣ್ಣಾ, ನೀವು ಪೇಪರ್‌ನೋರು, ಯಾವ ಕಂಪನಿದು ತಗೊಂಡ್ರೆ ಒಳ್ಳೇದು ಹೇಳಿ’ ಅಂದಳು. ಸಂಘದ ಸಾಲ ಅಂದಮೇಲೆ ವಾರ ವಾರ ಕಂತು ಕಟ್ಟಬೇಕು. ಹವ್ಯಾಸದವರಿಗೆ ಹೇಳುವ ಉತ್ತರ ಇಲ್ಲಿ ಸಾಲದು. ಹಾಗಾಗಿ ಸಿಕ್ಕಿದ್ದನ್ನೆಲ್ಲ ಓದಿದೆ, ಕ್ಲಾಸು ಮುಗಿಸಿದವರನ್ನು ಮಾತಾಡಿಸಿದೆ, ಬೆಳ್ಳಿ ಕೆಲಸದವರ ಹತ್ತಿರ ಹೋಗಿ ಕೂತೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಲಿಯುವುದಕ್ಕಾದರೆ, ಕಡಿಮೆ ಶಾಖದಲ್ಲಿ ಬೇಯುವ 999 ಬೆಳ್ಳಿಯ ಕ್ಲೇ ಯಾವುದಾದರೂ ನಡೆಯುತ್ತದೆ. ಜಪಾನಿನ ಎರಡು ದೊಡ್ಡ ಬ್ರಾಂಡುಗಳ ಮಧ್ಯೆ ತಲೆ ಕೆಡಿಸಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಹೊಟ್ಟೆಪಾಡಿಗೆ ಅಂತಾದರೆ ಬ್ರಾಂಡಿನ ಹೆಸರಿಗಿಂತ ಬೇರೆ ಮೂರು ಸಂಗತಿ ಮುಖ್ಯ. ಸುಟ್ಟ ಮೇಲೆ ಕೈಗೆ ಎಷ್ಟು ಗ್ರಾಂ ಬೆಳ್ಳಿ ಬರುತ್ತದೆ, ಅದನ್ನು ಸುಡಲು ಎಂಥ ಬೆಂಕಿ ಬೇಕು, ಸುಟ್ಟದ್ದು ಎಷ್ಟು ಗಟ್ಟಿ ಇರುತ್ತದೆ. ಈ ಮೂರನ್ನೂ ಬಾಯಿಬಿಟ್ಟು ಹೇಳದೆ ಕಿಟ್ಟು ಮಾರುವವರ ಕೈಗೆ ಸಾಲದ ದುಡ್ಡು ಕೊಡಬಾರದು.

ಗೊತ್ತಿಲ್ಲದವರಿಗೆ ಎರಡು ಮಾತು. ಸಿಲ್ವರ್ ಕ್ಲೇ ಅಂದರೆ ನಿಜವಾದ ಬೆಳ್ಳಿಯೇ. ಮೈದಾ ಹಿಟ್ಟಿಗಿಂತ ನುಣುಪಾದ ಬೆಳ್ಳಿ ಪುಡಿಗೆ ನೀರು ಮತ್ತು ಅಂಟಿನಂಥ ಸಾವಯವ ಪದಾರ್ಥ ಸೇರಿಸಿ ನಾದಿದ ಮುದ್ದೆ. ಚಪಾತಿ ಹಿಟ್ಟಿನ ಹಾಗೆ ಲಟ್ಟಿಸಬಹುದು, ಅಚ್ಚೊತ್ತಬಹುದು, ಎಲೆಯ ಮೇಲೆ ಒತ್ತಿ ನರನರವನ್ನೂ ಇಳಿಸಿಕೊಳ್ಳಬಹುದು. ಒಣಗಿಸಿ ಸುಟ್ಟರೆ ಅಂಟು ಉರಿದುಹೋಗಿ ಬೆಳ್ಳಿಯ ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೆಸೆಯುವ ಕೆಲಸ ಅದಕ್ಕಿಂತ ಕೆಳಗೇ ನಡೆದುಹೋಗುತ್ತದೆ. ಸುಟ್ಟು ತೆಗೆದಾಗ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ. ತಂತಿ ಬ್ರಶ್ಶಿನಲ್ಲಿ ಉಜ್ಜಿದರೆ ಬೆಳ್ಳಿ ಹೊಳೆಯುತ್ತದೆ. ಮೊದಲ ಸಲ ನೋಡಿದವರಿಗೆ ಜಾದೂ ಅನ್ನಿಸುವುದು ಸಹಜ, ಕ್ಲಾಸಿನವರು ಆ ಕ್ಷಣವನ್ನೇ ವಿಡಿಯೊ ಮಾಡಿ ಹಾಕುತ್ತಾರೆ.

ಇದು ಹುಟ್ಟಿದ್ದು ಜಪಾನಿನಲ್ಲಿ, 1990ರ ದಶಕದ ಆರಂಭದಲ್ಲಿ. ಮಿತ್ಸುಬಿಷಿ ಮಟೀರಿಯಲ್ಸ್ ಕಂಪನಿಯದು ಪಿಎಂಸಿ, ಐದಾ ಕೆಮಿಕಲ್ ಇಂಡಸ್ಟ್ರೀಸ್‌ನದು ಆರ್ಟ್ ಕ್ಲೇ ಸಿಲ್ವರ್. ಐದಾ ಮೂಲತಃ ಕೈಗಾರಿಕಾ ತ್ಯಾಜ್ಯದಿಂದ ಬೆಲೆಬಾಳುವ ಲೋಹ ಬೇರ್ಪಡಿಸುವ ಕಂಪನಿ. ನಮ್ಮ ನಗರ್ತಪೇಟೆಯಲ್ಲಿ ಅಕ್ಕಸಾಲಿಗರ ಅಂಗಡಿ ಮುಂದಿನ ಧೂಳು, ಚರಂಡಿ ಮಣ್ಣು ಗುಡಿಸಿ ಒಯ್ದು ತೊಳೆದು ಚೂರುಪಾರು ಚಿನ್ನ ಹೆಕ್ಕುವವರಿದ್ದಾರಲ್ಲ, ಅದೇ ಕೆಲಸವನ್ನು ದೊಡ್ಡ ಕಾರ್ಖಾನೆಯಲ್ಲಿ ಮಾಡುವವರು ಅನ್ನಿ.

ಈಗ ತೂಕಕ್ಕೆ ಬರೋಣ. ಪ್ಯಾಕೆಟ್ಟಿನ ಮೇಲೆ ಬರೆದಿರುವ ಗ್ರಾಂ ಯಾವುದರ ತೂಕ? ಕೆಲವದರ ಮೇಲೆ ಇಡೀ ಮುದ್ದೆಯ ತೂಕ ಇರುತ್ತದೆ, ಕೆಲವದರ ಮೇಲೆ ಒಳಗಿನ ಬೆಳ್ಳಿಯ ತೂಕ. ಮುದ್ದೆಯಲ್ಲಿ ನೀರು, ಅಂಟು ಸೇರಿ ಹತ್ತರಲ್ಲಿ ಒಂದು ಪಾಲಿನಷ್ಟು ಸುಟ್ಟಾಗ ಹೋಗುತ್ತದೆ. 10 ಗ್ರಾಂ ಮುದ್ದೆ ಕೊಂಡವರಿಗೆ ಸಿಗುವುದು ಸುಮಾರು 9 ಗ್ರಾಂ ಬೆಳ್ಳಿ. ಇನ್ನೊಂದು ಬ್ರಾಂಡು ಬೆಳ್ಳಿಯ ತೂಕ 10 ಗ್ರಾಂ ಅಂತ ಬರೆದಿದ್ದರೆ ಅಲ್ಲಿ ಸಿಗುವುದು 10. ಎರಡೂ ಪ್ಯಾಕೆಟ್ಟನ್ನು ಪಕ್ಕಪಕ್ಕ ಇಟ್ಟು ‘ಇದು ನೂರು ರೂಪಾಯಿ ಕಡಿಮೆ’ ಅಂತ ಎತ್ತಿಕೊಂಡರೆ ಲೆಕ್ಕ ತಪ್ಪುವುದು ಅಲ್ಲೇ. ನಾನು ಮಾತಾಡಿಸಿದ ನಾಲ್ಕು ಜನರಲ್ಲಿ ಒಬ್ಬರಿಗೂ ಇದನ್ನು ಕ್ಲಾಸಿನಲ್ಲಿ ಹೇಳಿರಲಿಲ್ಲ.

ಲೆಕ್ಕಕ್ಕೆ ಒಂದು ಬೆಲೆ ಹಿಡಿಯೋಣ. ಕೊರಿಯರು, ತೆರಿಗೆ ಎಲ್ಲ ಸೇರಿ 10 ಗ್ರಾಂ ಮುದ್ದೆಗೆ 5,000 ರೂಪಾಯಿ ಆಯಿತು ಅನ್ನಿ. ಸುಟ್ಟ ಮೇಲೆ 9 ಗ್ರಾಂ. ಅಂದರೆ ಗ್ರಾಂಗೆ 555 ರೂಪಾಯಿ ಚಿಲ್ಲರೆ. ಬೆಳ್ಳಿ ಕೆಜಿಗೆ 2024ರ ಅಕ್ಟೋಬರ್‌ನಲ್ಲಿ ಒಂದು ಲಕ್ಷ ದಾಟಿತು, 2025ರ ಡಿಸೆಂಬರ್‌ನಲ್ಲಿ ಎರಡು ಲಕ್ಷ ದಾಟಿತು. ಎರಡು ಲಕ್ಷ ಅಂದರೂ ಗಟ್ಟಿ ಬೆಳ್ಳಿ ಗ್ರಾಂಗೆ 200. ಅಕ್ಕಸಾಲಿಗರು 200 ರೂಪಾಯಿಗೆ ತರುವ ಬೆಳ್ಳಿಯನ್ನು ಈ ಹೆಣ್ಣುಮಗಳು 555ಕ್ಕೆ ತಂದು ಕೆಲಸ ಶುರು ಮಾಡಬೇಕು. ನಿಮ್ಮ ಊರಿನ ಇವತ್ತಿನ ದರ, ನಿಮಗೆ ಹೇಳಿದ ಪ್ಯಾಕೆಟ್ಟಿನ ದರ ಹಾಕಿ ನೀವೇ ಭಾಗಿಸಿ ನೋಡಿ. ಕೊಟ್ಟ ದುಡ್ಡನ್ನು ಸುಟ್ಟ ಮೇಲಿನ ಗ್ರಾಂನಿಂದ ಭಾಗಿಸಬೇಕು, ಪ್ಯಾಕೆಟ್ಟಿನ ಗ್ರಾಂನಿಂದಲ್ಲ. ಬ್ರಾಂಡು ಹೋಲಿಸಲು ಇದಕ್ಕಿಂತ ನೇರವಾದ ದಾರಿ ನನಗೆ ಕಂಡಿಲ್ಲ.

ಎರಡನೆಯದು ಕುಗ್ಗುವಿಕೆ. ತೂಕ ಹತ್ತರಲ್ಲೊಂದು ಪಾಲು ಹೋದರೆ, ಅಳತೆಯೂ ಹೋಗುತ್ತದೆ. ಮೊಟ್ಟಮೊದಲ ಪಿಎಂಸಿ 25ರಿಂದ 30 ಶೇಕಡಾ ಕುಗ್ಗುತ್ತಿತ್ತು, 900 ಡಿಗ್ರಿಯಲ್ಲಿ ಎರಡು ಗಂಟೆ ಸುಡಬೇಕಿತ್ತು. ಆಮೇಲೆ ಬಂದ ಪಿಎಂಸಿ ಪ್ಲಸ್, ಪಿಎಂಸಿ 3 ಇವು 10ರಿಂದ 15 ಶೇಕಡಾದೊಳಗೆ ಇವೆ. ಈಗಿನ ಆರ್ಟ್ ಕ್ಲೇ ಸಿಲ್ವರ್‌ಗೆ ಕಂಪನಿ ಹೇಳುವುದು 8ರಿಂದ 10. ಅಕ್ಕನ ನಾದಿನಿ ಪರಿಚಯದವರ ಕ್ಲಾಸಿನಿಂದ ತಂದಿದ್ದ ಪಟ್ಟಿಯೊಂದನ್ನು ಅಳೆದೆವು. ಹಸಿಯಲ್ಲಿ 50 ಮಿಲಿಮೀಟರ್ ಕತ್ತರಿಸಿದ್ದು, ಸುಟ್ಟ ಮೇಲೆ 45 ಇತ್ತು.

ಪೆಂಡೆಂಟಿಗೆ ಇದು ದೊಡ್ಡ ವಿಷಯವೇನಲ್ಲ, ಒಂದಿಷ್ಟು ಚಿಕ್ಕದಾದರೆ ಯಾರೂ ಕೇಳುವುದಿಲ್ಲ. ನಮ್ಮ ಕಡೆ ಬೆಳ್ಳಿ ಅಂದರೆ ಮೊದಲು ಓಡುವುದು ಕಾಲುಂಗುರ. ಒಳಗಿನ ಅಗಲ 17 ಮಿಲಿಮೀಟರ್ ಬೇಕು ಅಂದರೆ, 10 ಶೇಕಡಾ ಕುಗ್ಗುವ ಕ್ಲೇಯಲ್ಲಿ ಹಸಿ ಉಂಗುರವನ್ನು ಹತ್ತಿರ ಹತ್ತಿರ 19 ಮಿಲಿಮೀಟರಿಗೆ ಮಾಡಬೇಕು. 15 ಶೇಕಡಾ ಕುಗ್ಗಿದರೆ ಅದೇ 20 ಆಗುತ್ತದೆ. ಬ್ರಾಂಡು ಬದಲಾಯಿಸಿದ ದಿನ ಹಳೆಯ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಮದುವೆ ಮನೆಯ ಆರ್ಡರು ಹಿಡಿದು, ಸಿಕ್ಕಿದ ಪ್ಯಾಕೆಟ್ಟಿನಲ್ಲಿ ಮಾಡಿ, ಬೆರಳಿಗೆ ಹಿಡಿಯದ ಉಂಗುರ ವಾಪಸು ಬಂದರೆ ಆ ನಷ್ಟ ಯಾರದು? ಆದ್ದರಿಂದ ಯಾವುದನ್ನು ಹಿಡಿದರೂ ಒಂದೇ ಬ್ರಾಂಡು ಹಿಡಿದು, ಒಂದು ಪಟ್ಟಿ ಕತ್ತರಿಸಿ ಸುಟ್ಟು, ಅದರ ಕುಗ್ಗುವಿಕೆ ಬರೆದಿಟ್ಟುಕೊಂಡ ಮೇಲೇ ಆರ್ಡರು ಒಪ್ಪಿಕೊಳ್ಳುವುದು ಒಳ್ಳೆಯದು.

ಮೂರನೆಯದು ಬೆಂಕಿ. ಶ್ರೀರಾಂಪುರದ ಮಟ್ಟಿಗೆ ಬ್ರಾಂಡು ತೀರ್ಮಾನ ಆಗುವುದೇ ಇಲ್ಲಿ ಅಂತ ನನ್ನ ವಾದ. ಆರ್ಟ್ ಕ್ಲೇ ಸಿಲ್ವರ್ 650 ಡಿಗ್ರಿಯಲ್ಲಿ ಅರ್ಧ ಗಂಟೆಗೆ ಬೇಯುತ್ತದೆ, 800ರಲ್ಲಾದರೆ ಐದು ನಿಮಿಷ ಸಾಕು ಅನ್ನುತ್ತದೆ ಕಂಪನಿ. ಪಿಎಂಸಿ 3 ಇನ್ನೂ ಕೆಳಗೆ, 600 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ. ಇವೆರಡನ್ನೂ ಕೈಯಲ್ಲಿ ಹಿಡಿಯುವ ಗ್ಯಾಸ್ ಟಾರ್ಚಿನಲ್ಲಿ ಸುಡಬಹುದು. ಸಣ್ಣ ತುಂಡಾದರೆ ಅಡುಗೆ ಒಲೆಯ ಮೇಲೆ ಸ್ಟೀಲ್ ಜಾಲರಿ ಇಟ್ಟೂ ಸುಡಬಹುದು. ಮೊದಲು ಹೊಗೆ, ಆಮೇಲೆ ಸಣ್ಣ ಉರಿ, ನಂತರ ಕೆಂಡದ ಮಂಕು ಕೆಂಪು. ಆ ಬಣ್ಣದಲ್ಲಿ ಕೆಲವು ನಿಮಿಷ ಹಿಡಿದಿಡಬೇಕು. ಒಂದು ಕ್ಷಣ ಮೈಮರೆತು ಶಾಖ ಏರಿದರೆ ಕೆಲಸವೆಲ್ಲ ಕರಗಿ ಗುಂಡು.

ಇಝಡ್ 960 ಅಂತ ಇನ್ನೊಂದು ಇದೆ, ಅಮೆರಿಕದ್ದು. 96 ಪಾಲು ಬೆಳ್ಳಿ, ಉಳಿದದ್ದು ತಾಮ್ರ. 999ಕ್ಕಿಂತ ಗಟ್ಟಿ. ಅದಕ್ಕೆ 900 ಡಿಗ್ರಿಯ ಆಸುಪಾಸಿನಲ್ಲಿ ಎರಡು ಗಂಟೆ ಬೇಕು. ಟಾರ್ಚಿನಲ್ಲಿ ಆಗುವ ಮಾತಲ್ಲ, ವಿದ್ಯುತ್ ಕುಲುಮೆಯೇ ಬೇಕು. ಪಿಎಂಸಿ ಸ್ಟರ್ಲಿಂಗ್ ಅಂತ 925ರ ಕ್ಲೇ ಬಂದಿತ್ತು. ಅದನ್ನು ಎರಡು ಸಲ ಸುಡಬೇಕು, ಎರಡನೆಯ ಸಲ ಇದ್ದಿಲ ಪುಡಿಯಲ್ಲಿ ಹೂತು. ಮನೆಯಲ್ಲಿ ಕೆಲಸ ಮಾಡುವವರು ಅದರ ತಂಟೆಗೆ ಹೋಗದಿರುವುದೇ ಕ್ಷೇಮ. 999 ಮತ್ತು 925ರ ಕ್ಲೇಗಳನ್ನು ಸಮಸಮ ಬೆರೆಸಿ 960 ಮಾಡಿಕೊಳ್ಳುವ ಹವ್ಯಾಸಿಗಳೂ ಇದ್ದಾರೆ, ಅವರಿಗೂ ಕುಲುಮೆ ಬೇಕೇ ಬೇಕು.

ಈಗ ಶ್ರೀರಾಂಪುರದ ಬಾಡಿಗೆ ಮನೆ ನೆನಪಿಸಿಕೊಳ್ಳಿ. ಒಂದು ರೂಮು, ಒಂದು ಅಡುಗೆ ಮನೆ, ಮಹಡಿಗೆ ಹೋಗುವ ಕಬ್ಬಿಣದ ಮೆಟ್ಟಿಲು, ಅದರ ಕೆಳಗೆ ಸಿಲಿಂಡರು. ಒಂದೂವರೆ ಕಿಲೊವ್ಯಾಟಿನ ಸಣ್ಣ ಕುಲುಮೆ ಪೂರ್ತಿ ಉರಿದರೆ ಗಂಟೆಗೆ ಒಂದೂವರೆ ಯೂನಿಟ್. 900 ಡಿಗ್ರಿಗೆ ಏರುವುದು, ಅಲ್ಲಿ ಎರಡು ಗಂಟೆ ನಿಲ್ಲುವುದು ಅಂದರೆ ಒಂದು ಸಲಕ್ಕೆ ಹತ್ತಿರ ಹತ್ತಿರ ಮೂರು ಯೂನಿಟ್ ಲೆಕ್ಕ ಹಿಡಿಯಬೇಕು. ತಿಂಗಳಿಗೆ ಹತ್ತು ಸಲ ಸುಟ್ಟರೆ ಮೂವತ್ತು. ಸಣ್ಣ ಸಂಖ್ಯೆ ಅನ್ನಿಸಬಹುದು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಇಷ್ಟು ಅಂತ ಮಿತಿ ಇದೆ. ಅದನ್ನು ಮೀರಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ಮೂವತ್ತು ಯೂನಿಟ್ಟಿನ ಕುಲುಮೆ ಸೊನ್ನೆ ಬಿಲ್ಲನ್ನು ಕಿತ್ತುಕೊಳ್ಳುವ ಮನೆಗಳು ಅಲ್ಲಿ ಎಷ್ಟೋ ಇವೆ. ಹಳೆಯ ವೈರಿಂಗು, ಹಂಚಿಕೊಂಡ ಮೀಟರು, ಮನೆ ಮಾಲೀಕರ ಕಣ್ಣು ಇವನ್ನೂ ಸೇರಿಸಿಕೊಳ್ಳಿ. ವಿದೇಶಿ ಹೋಲಿಕೆಗಳಲ್ಲಿ ‘ಉತ್ತಮ’ ಅನ್ನಿಸಿಕೊಂಡದ್ದು ಇಲ್ಲಿ ಮೊದಲ ಸುತ್ತಿನಲ್ಲೇ ಬಿದ್ದುಹೋಗುವುದು ಹೀಗೆ. ಹೊಸಬರಿಗೆ ಟಾರ್ಚಿನಲ್ಲಿ ಬೇಯುವ 999ರ ಕ್ಲೇಯೇ ಸರಿ ಅಂತ ನಾನು ಹೇಳುವುದಕ್ಕೆ ಕಾರಣವೂ ಇದೇ.

ಹಾಗಂತ ಅದರ ಗಟ್ಟಿತನದ ಬಗ್ಗೆ ಸುಳ್ಳು ಹೇಳಲಾಗದು. ಅಕ್ಕನ ಮನೆ ಹಿಂದಿನ ಓಣಿಯಲ್ಲಿ ಒಬ್ಬರು ಆಚಾರ್ ಇದ್ದಾರೆ, ಅರವತ್ತು ದಾಟಿದವರು. ಕಾಲುಂಗುರ, ಉಡಿದಾರದ ಕೊಕ್ಕೆ, ದೇವರಿಗೆ ಬೆಳ್ಳಿಯ ಕಣ್ಣು ಮಾಡಿಕೊಡುತ್ತಾರೆ. ಈಗ ಮುಕ್ಕಾಲು ಪಾಲು ರಿಪೇರಿ ಕೆಲಸವೇ. ಗೆಜ್ಜೆ ಅಂಗಡಿಗೆ ಸೇಲಂ, ಹುಪರಿ ಕಡೆಯಿಂದ ಸಿದ್ಧವಾಗಿ ಬರುವಾಗ ಇವರ ಹತ್ತಿರ ಮಾಡಿಸುವವರು ಯಾರು? ಕ್ಲಾಸಿನಿಂದ ಬಂದ ಎರಡು ಪಟ್ಟಿಗಳನ್ನು ಅವರ ಮುಂದೆ ಇಟ್ಟೆವು. ಒಂದೇ ಪ್ಯಾಕೆಟ್ಟಿನವು. ಒಂದನ್ನು ಟಾರ್ಚಿನಲ್ಲಿ ಕೆಲವೇ ನಿಮಿಷ ಸುಟ್ಟದ್ದು, ಇನ್ನೊಂದನ್ನು ಕ್ಲಾಸಿನ ಕುಲುಮೆಯಲ್ಲಿ ಎರಡು ಗಂಟೆ ಇಟ್ಟದ್ದು. ಆಚಾರ್ ಮೊದಲು ಒರೆಗಲ್ಲಿಗೆ ಉಜ್ಜಿ ಆಸಿಡ್ ಬಿಟ್ಟು ನೋಡಿದರು. ಬೆಳ್ಳಿಯ ಬಗ್ಗೆ ತಕರಾರಿರಲಿಲ್ಲ. ಆಮೇಲೆ ಇಕ್ಕಳದಲ್ಲಿ ಹಿಡಿದು ಬಗ್ಗಿಸಿದರು. ಟಾರ್ಚಿನದು ಅರ್ಧ ಬಗ್ಗುವಷ್ಟರಲ್ಲಿ ಬಿರುಕು ಬಿಟ್ಟಿತು. ಕುಲುಮೆಯದು ಪೂರ್ತಿ ಬಗ್ಗಿತು, ವಾಪಸು ನೆಟ್ಟಗೆ ಮಾಡುವಾಗ ಬಿರಿಯಿತು. ತಾವೇ ಬಡಿದು ತೆಗೆದ ಪಟ್ಟಿಯನ್ನು ನಾಲ್ಕು ಸಲ ಆಚೀಚೆ ಬಗ್ಗಿಸಿ ತೋರಿಸಿದರು. ‘ಬೆಳ್ಳಿ ಹೌದು ಸ್ವಾಮಿ. ಆದ್ರೆ ಸುತ್ತಿಗೆ ಪೆಟ್ಟು ತಿಂದಿಲ್ಲ ನೋಡಿ’ ಅಂದರು.

ಅವರು ಹೇಳಿದ್ದರಲ್ಲಿ ಲೋಹಶಾಸ್ತ್ರವೇ ಇದೆ. ಕ್ಲೇಯಿಂದ ಆದ ಬೆಳ್ಳಿಯಲ್ಲಿ ಕಣಗಳ ಮಧ್ಯೆ ಸಣ್ಣ ಸಣ್ಣ ಖಾಲಿ ಜಾಗ ಉಳಿದಿರುತ್ತದೆ. ಹೆಚ್ಚು ಶಾಖದಲ್ಲಿ ಹೆಚ್ಚು ಹೊತ್ತು ಇಟ್ಟಷ್ಟೂ ಅವು ಮುಚ್ಚಿಕೊಳ್ಳುತ್ತವೆ, ಲೋಹ ಗಟ್ಟಿಯಾಗುತ್ತದೆ. ಪ್ಯಾಕೆಟ್ಟಿನ ಮೇಲೆ 650 ಅಂತ ಬರೆದಿದ್ದರೆ ಅದು ಕನಿಷ್ಠ; 999ರ ಕ್ಲೇಯನ್ನು 900ರ ಹತ್ತಿರ ಎರಡು ಗಂಟೆ ಇಟ್ಟರೆ ಇನ್ನೂ ಒಳ್ಳೆಯದು. ಆದ್ದರಿಂದಲೇ ಹೇಳಿದ್ದು, ಎರಡು ಬ್ರಾಂಡುಗಳ ಮಧ್ಯದ ವ್ಯತ್ಯಾಸಕ್ಕಿಂತ ಒಂದೇ ಬ್ರಾಂಡನ್ನು ಚೆನ್ನಾಗಿ ಸುಡುವುದಕ್ಕೂ ಅವಸರದಲ್ಲಿ ಸುಡುವುದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಅದರ ಮೇಲೆ ಅಪ್ಪಟ ಬೆಳ್ಳಿ ಸ್ವಭಾವತಃ ಮೆತ್ತಗೆ. ಒಡವೆಗೆ 925 ಬಳಸುವುದು, ಉಳಿದದ್ದಕ್ಕೆ ತಾಮ್ರ ಬೆರೆಸುವುದು ಗಟ್ಟಿಯಾಗಲಿ ಅಂತಲೇ. ಕಾಲುಂಗುರದ ಬಾಯಿಯನ್ನು ಹಾಕುವಾಗೊಮ್ಮೆ ತೆಗೆಯುವಾಗೊಮ್ಮೆ ಅಗಲಿಸುತ್ತೇವೆ, ಮೇಲೆ ನೆಲಕ್ಕೆ ತಾಗುತ್ತಾ ಇರುತ್ತದೆ. ಟಾರ್ಚಿನಲ್ಲಿ ಸುಟ್ಟ 999ರ ಕಾಲುಂಗುರವನ್ನು ದುಡ್ಡಿಗೆ ಮಾರುವುದು ನನ್ನ ದೃಷ್ಟಿಯಲ್ಲಿ ಮೋಸಕ್ಕೆ ಹತ್ತಿರದ ಕೆಲಸ. ಮಾಡಿದವಳಿಗೆ ಅದು ಗೊತ್ತೇ ಇಲ್ಲದಿದ್ದರೆ, ಹೇಳದೆ ಕಲಿಸಿದವರ ಮೋಸ.

ನಮ್ಮಲ್ಲೊಂದು ಗಾದೆ ಇದೆ, ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ. ಒಂದು ಕಸುಬಿನವರನ್ನೆಲ್ಲ ಕಳ್ಳರು ಮಾಡಿದ ಗಾದೆ, ನನಗೆ ಇಷ್ಟವಿಲ್ಲ. ಆದರೂ ಅದರಿಂದ ಒಂದು ಅಭ್ಯಾಸ ಬಂದಿದೆ. ಆಚಾರರ ಮುಂದೆ ಕೂತು ತೂಕ ಹಾಕಿಸುತ್ತೇವೆ, ಒರೆಗೆ ಹಚ್ಚಿಸುತ್ತೇವೆ, ಸವಕಳಿ ಎಷ್ಟು, ಮಜೂರಿ ಎಷ್ಟು ಅಂತ ಜಗ್ಗಾಡುತ್ತೇವೆ. ಅದೇ ನಾವು ಜಪಾನಿನ ಅಕ್ಷರ ಇರುವ ಅಲ್ಯೂಮಿನಿಯಂ ಪೊಟ್ಟಣದ ಮುಂದೆ ಏನೂ ಕೇಳುವುದಿಲ್ಲ.

ಕೆಲವು ಸಲ ಆ ಪೊಟ್ಟಣವೂ ಇರುವುದಿಲ್ಲ. ದೊಡ್ಡ ಪ್ಯಾಕೆಟ್ಟು ಒಡೆದು, ಐದೈದು ಗ್ರಾಂ ಜಿಪ್ ಕವರಿಗೆ ಹಾಕಿ ಕೊಡುವವರಿದ್ದಾರೆ. ಅದರಲ್ಲಿ ಯಾವ ಬ್ರಾಂಡು, ಯಾವ ಶುದ್ಧತೆ, ಯಾವಾಗಿನದು ಒಂದೂ ಇಲ್ಲ. ಪೊಟ್ಟಣದ ಸರಕಿಗೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಿಂಗಳು-ವರ್ಷ, ಆಮದಾಗಿದ್ದರೆ ಆಮದುದಾರರ ಹೆಸರು-ವಿಳಾಸ, ಯಾವ ದೇಶದ್ದು ಅನ್ನುವುದು ಇರಬೇಕು ಅಂತ 2011ರ ಕಾನೂನುಬದ್ಧ ಮಾಪನ ನಿಯಮ ಹೇಳುತ್ತದೆ. ಬಿಸ್ಕತ್ತಿಗೆ ಕೇಳುವುದನ್ನು ಬೆಳ್ಳಿಗೆ ಕೇಳಲು ಸಂಕೋಚ ಯಾಕೆ? ಬಿಲ್ಲು ಕೊಡದಿದ್ದರೆ, ಲೇಬಲ್ ಇಲ್ಲದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. ಇನ್ನೊಂದು ಎಚ್ಚರ: ಆನ್‌ಲೈನಿನಲ್ಲಿ ‘ಸಿಲ್ವರ್ ಕ್ಲೇ’ ಅಂತ ಹುಡುಕಿದರೆ ಬೆಳ್ಳಿ ಬಣ್ಣದ ಪಾಲಿಮರ್ ಕ್ಲೇಯೂ ಬರುತ್ತದೆ. ಅದರಲ್ಲಿ ಗುಲಗಂಜಿಯಷ್ಟೂ ಬೆಳ್ಳಿ ಇಲ್ಲ. ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿ ಇಲ್ಲದ ಹಾಗೆ.

ಹಾಲ್‌ಮಾರ್ಕಿನ ವಿಷಯ ಬೇಗ ಮುಗಿಸುತ್ತೇನೆ. ಬೆಳ್ಳಿಗೆ ಹಾಲ್‌ಮಾರ್ಕ್ ಚಿನ್ನದ ಹಾಗೆ ಕಡ್ಡಾಯವಲ್ಲ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಎಚ್‌ಯುಐಡಿ ಸಂಖ್ಯೆಯ ಹಾಲ್‌ಮಾರ್ಕ್ ಬಂದಿದೆ, ಇಷ್ಟ ಇದ್ದವರಿಗೆ. ಆಗ ಪರಿಷ್ಕರಿಸಿದ ಬಿಐಎಸ್ ಮಾನದಂಡದಲ್ಲಿ 958 ಮತ್ತು 999 ಎರಡು ಹೊಸ ದರ್ಜೆಗಳು ಸೇರಿವೆ. ಕ್ಲೇ ಮಾಡುವವರಿಗೆ ಇದು ಒಳ್ಳೆಯದೇ. 999ರದ್ದು ಅದೇ ದರ್ಜೆಗೆ, 960ರದ್ದು 958ಕ್ಕೆ ಹೊಂದುತ್ತದೆ. ಆದರೆ ಹಾಲ್‌ಮಾರ್ಕ್ ಹಾಕಿಸಲು ಬಿಐಎಸ್‌ನಲ್ಲಿ ನೋಂದಣಿ ಬೇಕು. ಮನೆಯಲ್ಲಿ ಕೂತು 999 ಅಂತ ತಾವೇ ಮುದ್ರೆ ಒತ್ತಿದರೆ ಅದು ಹಾಲ್‌ಮಾರ್ಕ್ ಆಗುವುದಿಲ್ಲ. ಕಿಟ್ಟಿನಲ್ಲಿ ಆ ಮುದ್ರೆ ಕೊಡುವವರು ಇದನ್ನೂ ಹೇಳಬೇಕು.

ಹಾಗಾದರೆ ಇದು ಯಾರಿಗೂ ಬೇಡವೇ? ಹಾಗೇನಿಲ್ಲ. ಕ್ಲೇ ಮಾಡುವ ಕೆಲವು ಕೆಲಸವನ್ನು ತಗಡು, ತಂತಿ ಮಾಡಲಾರವು. ಅರಳಿ ಎಲೆಯ ನರ, ಕಸೂತಿಯ ಎಳೆ, ಮಗುವಿನ ಹೆಬ್ಬೆಟ್ಟಿನ ಗುರುತು, ಅಜ್ಜಿಯ ಕೈಬರಹದ ಒಂದು ಅಕ್ಷರ, ಹಳೆಯ ಮರದ ಅಚ್ಚಿನ ಹೂವು, ಇವನ್ನು ಒತ್ತಿ ತೆಗೆದು ಪೆಂಡೆಂಟು ಮಾಡಿದರೆ ಕೊಳ್ಳುವವರು ಗ್ರಾಂ ಕೇಳುವುದಿಲ್ಲ, ಚಿತ್ರ ನೋಡಿ ಕೊಡುತ್ತಾರೆ. ಗ್ರಾಂಗೆ 555 ಕೊಟ್ಟು ತಂದ ಬೆಳ್ಳಿಗೆ ದುಡ್ಡು ಹುಟ್ಟುವುದು ಅಲ್ಲಿ ಮಾತ್ರ. ಅಂಥ ಗಿರಾಕಿ ಮಲ್ಲೇಶ್ವರದ ಎಂಟನೇ ಕ್ರಾಸಿನ ಕಡೆ ಇರಬಹುದು. ಶ್ರೀರಾಂಪುರದ ಗಿರಾಕಿ ‘ಎಷ್ಟು ಗ್ರಾಂ, ವಾಪಸು ಕೊಟ್ರೆ ಎಷ್ಟು’ ಅಂತಲೇ ಶುರು ಮಾಡುವುದು. ಅವರದು ತಪ್ಪಲ್ಲ. ಅವರಿಗೆ ಬೆಳ್ಳಿ ಕಷ್ಟಕಾಲದ ಗಂಟು. ವಾಪಸು ಕೊಟ್ಟಾಗ ಕ್ಲೇಯ ಒಡವೆಗೂ ಸಿಗುವುದು ಬೆಳ್ಳಿಯ ದರವೇ, ಮೇಲಿನ ಮುನ್ನೂರೈವತ್ತು ಹೋದ ಹಾಗೆಯೇ.

ಅದಕ್ಕೇ ನಾದಿನಿಗೆ ನಾನು ಹೇಳಿದ್ದು ಇಷ್ಟು. ಸಾಲದ ದುಡ್ಡಲ್ಲಿ ಕುಲುಮೆ ಬೇಡ, ದೊಡ್ಡ ಕಿಟ್ಟು ಬೇಡ. ಆರ್ಟ್ ಕ್ಲೇಯೋ ಪಿಎಂಸಿ 3ಯೋ, ಲೇಬಲ್ಲು ಮತ್ತು ಬಿಲ್ಲು ಇರುವ ಅತಿ ಸಣ್ಣ ಪ್ಯಾಕೆಟ್ಟು ಒಂದೇ ಒಂದು. ಫ್ಯಾನಿನ ಕೆಳಗೆ ಬಿಚ್ಚಬೇಡ, ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಹತ್ತು ನಿಮಿಷಕ್ಕೆ ಒಣಗಿ ಬಿರಿಯುತ್ತದೆ. ಉದುರಿದ ಪುಡಿಯನ್ನೂ ಡಬ್ಬಿಗೆ ಹಾಕು, ನೀರು ಸೇರಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಕೈ ಕುದುರುವವರೆಗೆ ಜೇಡಿಮಣ್ಣಿನಲ್ಲಿ ಅಚ್ಚೊತ್ತಿ ಅಭ್ಯಾಸ ಮಾಡು. ವಾರಕ್ಕೆ ಎರಡು ದಿನ ಆಚಾರರ ಹತ್ತಿರ ಕೂತು ತಂತಿ ಎಳೆಯುವುದು, ಬಿಳಿಗಾರ ಹಾಕಿ ಬೆಸುಗೆ ಇಡುವುದು, ಅರ ಉಜ್ಜುವುದು ಕಲಿ. ಪೆಂಡೆಂಟು ಕ್ಲೇಯದು, ಅದರ ಕೊಕ್ಕೆ, ಬಳೆ, ಉಂಗುರ ಇವೆಲ್ಲ ಬಡಿದ ಬೆಳ್ಳಿಯದು ಆದರೆ ಖರ್ಚೂ ಇಳಿಯುತ್ತದೆ, ಮಾಲೂ ಬಾಳುತ್ತದೆ. ಅವಳಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ‘ಆಚಾರ್ ಹೆಂಗಸರಿಗೆ ಕಲಿಸ್ತಾರಾ?’ ಅಂದಳು. ಕೇಳುವಂಥ ಪ್ರಶ್ನೆಯೇ. ಕ್ಲೇ ಕ್ಲಾಸಿನ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿದೆ, ಅಡಿಗಲ್ಲಿನ ಮುಂದಿನ ಚಾಪೆ ಇನ್ನೂ ತೆರೆದಿಲ್ಲ. ಈ ಆಚಾರ್ ಮಾತ್ರ ‘ಬರ್ಲಿ, ಕೂತ್ಕೊಳ್ಳೋರು ಯಾರಿದಾರೆ ಈಗ’ ಅಂದರು.

ಸರ್ಕಾರದ ಕಡೆಯಿಂದ ಆಗಬಹುದಾದದ್ದು ದೊಡ್ಡದೇನೂ ಅಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರದೂ ಒಂದು. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15 ಸಾವಿರ, ಐದು ಶೇಕಡಾ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ಸಾಲ. ಇನ್ನೊಂದು ಕಡೆ, 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿಯಲ್ಲಿ ಜಿಲ್ಲೆ ಜಿಲ್ಲೆಗೂ ಬಂದಿರುವ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಕೃತಕ ಒಡವೆ ಮಾಡುವ 13 ದಿನದ ತರಬೇತಿ ಇದೆ. ಒಂದು ಯೋಜನೆ ಹಳೆಯ ಕಸುಬಿನವರಿಗೆ, ಇನ್ನೊಂದು ಹೊಸ ಹೆಣ್ಣುಮಕ್ಕಳಿಗೆ. ಇಬ್ಬರೂ ಒಂದೇ ಕೋಣೆಯಲ್ಲಿ ಕೂರುವ ಏರ್ಪಾಡು ನನ್ನ ಕಣ್ಣಿಗೆ ಎಲ್ಲೂ ಬಿದ್ದಿಲ್ಲ. ಒಂದು ವಾರ್ಡಿಗೆ, ಒಂದು ತಾಲ್ಲೂಕಿಗೆ ಒಂದು ಹಂಚಿಕೊಂಡು ಬಳಸುವ ಕುಲುಮೆ, ಒಂದು ಸರಿಯಾದ ತಕ್ಕಡಿ, ಪಕ್ಕದಲ್ಲಿ ಒಬ್ಬ ಆಚಾರ್ ಇದ್ದರೆ ಮೇಲೆ ಹೇಳಿದ ಬೆಂಕಿಯ ತಾಪತ್ರಯ ಅರ್ಧ ಕಡಿಮೆಯಾಗುತ್ತದೆ. ಆಗ 960ರ ಗಟ್ಟಿ ಕ್ಲೇಯೂ ಬಡವರ ಕೈಗೆಟುಕುತ್ತದೆ. ಮನೆಮನೆಗೆ ಕಿಟ್ಟು ಹಂಚಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಇದು ಅಗ್ಗ.

ಕೊನೆಗೆ ನಮ್ಮ ಬಳಗದವರಿಗೇ ಒಂದು ಮಾತು. ಇಂಥ ಕ್ಲಾಸಿನ ಪ್ರೆಸ್‌ನೋಟು ನಮ್ಮ ವಾಟ್ಸ್ಯಾಪಿಗೆ ಬಂದೇ ಬರುತ್ತದೆ, ಬೆಂಗಳೂರಿಗೆ ಬಂದದ್ದು ಆರು ತಿಂಗಳಲ್ಲಿ ತುಮಕೂರು, ಹಾಸನ, ಚಿತ್ರದುರ್ಗಕ್ಕೆ ಬರುತ್ತದೆ. ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಎಣಿಸುವ ನಮಗೆ ಮೂರು ಕಾಲಂ ಫೋಟೊ ಸಮೇತ ಸಿದ್ಧ ಸುದ್ದಿ ಸಿಕ್ಕರೆ ಸಂತೋಷವೇ. ಹಾಕಿ, ಬೇಡ ಅನ್ನುವುದಿಲ್ಲ. ಹಾಕುವ ಮುಂಚೆ ಫೋನು ಮಾಡಿ ಕೇಳಿ: ಫೀಸು ಎಷ್ಟು, ಕಿಟ್ಟಿನಲ್ಲಿ ಸುಟ್ಟ ಮೇಲಿನ ಬೆಳ್ಳಿ ಎಷ್ಟು ಗ್ರಾಂ, ಯಾವ ಬ್ರಾಂಡು, ಎಷ್ಟು ಡಿಗ್ರಿ, ಕುಲುಮೆ ಯಾರದು, ಕಳೆದ ಸಲ ಕಲಿತವರಲ್ಲಿ ಈಗಲೂ ಮಾಡುತ್ತಿರುವವರ ಒಂದು ನಂಬರು ಕೊಡಿ. ಆ ಕಡೆಯ ನಂಬರಿಗೂ ಒಂದು ಫೋನು ಮಾಡಿ. ಉತ್ತರವನ್ನು ಸುದ್ದಿಯ ಎರಡನೇ ಪ್ಯಾರಾದಲ್ಲೇ ಹಾಕಿ, ಡೆಸ್ಕಿನವರು ಜಾಗ ಸಾಲದೆ ಕತ್ತರಿಸುವುದು ಯಾವಾಗಲೂ ಕೆಳಗಿನಿಂದ.